ದಾಖಲಾತಿ ಪುಸ್ತಕದ ಒಂದು ಸಾಲು: ಶಾಲೆ ಮತ್ತು ಬಾಲ ನ್ಯಾಯ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ಕಾಯಿದೆಯ ಮಾತೇಕೆ, ಅದರಲ್ಲಿಯೂ ತಪ್ಪು ಹಾದಿ ಹಿಡಿದ ಮಕ್ಕಳ ಕಾಯಿದೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಶಾಲೆಯ ಕಪಾಟಿನಲ್ಲಿರುವ ಒಂದು ಪುಸ್ತಕ ನಮ್ಮನ್ನು ಈ ವಿಷಯಕ್ಕೆ ಕರೆತಂದಿದೆ. ಅದು ಪ್ರವೇಶ ದಾಖಲಾತಿ ಪುಸ್ತಕ. ಮಗುವಿನ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು. ಒಂದು ಮಗುವಿಗೆ ಒಂದು ಸಾಲು. ಪಾಠ ಮರೆತುಹೋಗುತ್ತದೆ, ಗೋಡೆಯ ಸುಣ್ಣ ಉದುರುತ್ತದೆ, ಆ ಸಾಲು ಮಾತ್ರ ಉಳಿಯುತ್ತದೆ. ಆ ಒಂದು ಸಾಲಿನ ಮೇಲೆ ಒಮ್ಮೊಮ್ಮೆ ಒಂದು ಜೀವವೇ ನಿಂತಿರುತ್ತದೆ ಎಂಬುದನ್ನು ತಮ್ಮ ಮುಂದೆ ಇಡಲು ನಾವು ಬಯಸುತ್ತೇವೆ.

ಮೊದಲು ನಮ್ಮ ಸೀಮೆಯ ಮಾತು. ನಿಜಾಮರ ಕಾಲದಲ್ಲಿ ಜಹೀರಾಬಾದ್, ನಾರಾಯಣಖೇಡ್ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಿರ್ಣಾ ವಲಯವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲ್ಕಲ್ ವಲಯ, ನಾರಾಯಣಖೇಡ್, ತಾಂಡೂರು, ಕೊಡಂಗಲ್ ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಅವು ತೆಲಂಗಾಣದ ಭಾಗವಾದವು. ಇಂದು ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಹೆಣ್ಣು ಕೊಟ್ಟು ತರುವ ಸಂಬಂಧ, ಸಂತೆ, ಜಾತ್ರೆ ಯಾವುದೂ ಗಡಿಯನ್ನು ಕೇಳಲಿಲ್ಲ. ಆದರೆ ಕಾಯಿದೆ ಗಡಿಯನ್ನು ಕೇಳಿತು.

ಹೈದರಾಬಾದ್ ರಾಜ್ಯ 1951ರಲ್ಲಿ ತನ್ನದೇ ಆದ ಮಕ್ಕಳ ಕಾಯಿದೆಯನ್ನು ಮಾಡಿತ್ತು. ಮದ್ರಾಸು 1920ರಲ್ಲಿಯೂ ಬಂಗಾಳ 1922ರಲ್ಲಿಯೂ ಮುಂಬಯಿ 1924ರಲ್ಲಿಯೂ ಇಂಥ ಕಾಯಿದೆಗಳನ್ನು ಮಾಡಿದ್ದವು. ಮಗುವನ್ನು ದೊಡ್ಡವರ ಜೈಲಿಗೆ ತಳ್ಳಬಾರದು, ತಿದ್ದಿ ಬೆಳೆಸಬೇಕು ಎಂಬುದು ಅವೆಲ್ಲದರ ತಿರುಳು. ಪುನರ್ವಿಂಗಡಣೆಯಾದ ಮೇಲೆ 1964ರಲ್ಲಿ ಮೈಸೂರು ರಾಜ್ಯ ಹೊಸದೊಂದು ಮಕ್ಕಳ ಕಾಯಿದೆಯನ್ನು ಮಾಡಿಕೊಂಡಿತು. ಇತ್ತ ತೆಲಂಗಾಣ ಪ್ರದೇಶಕ್ಕೆ 1951ರ ಕಾಯಿದೆಯೇ ಹೆಸರು ಬದಲಿಸಿಕೊಂಡು ಮುಂದುವರಿಯಿತು. ಹೀಗೆ ಒಂದೇ ಮನೆತನದ ಇಬ್ಬರು ಹುಡುಗರಲ್ಲಿ ಬೀದರದವನಿಗೆ ಒಂದು ಕಾಯಿದೆ, ಜಹೀರಾಬಾದಿನವನಿಗೆ ಇನ್ನೊಂದು. ದೇಶದಲ್ಲೆಲ್ಲ ಇದೇ ಸ್ಥಿತಿಯಿತ್ತು. ಕೆಲವು ರಾಜ್ಯಗಳಲ್ಲಿ ಕಾಯಿದೆ ಪುಸ್ತಕದಲ್ಲಿದ್ದರೂ ಜಾರಿಗೆ ಬಂದಿರಲಿಲ್ಲ. ಜೈಲುಗಳಲ್ಲಿದ್ದ ಮಕ್ಕಳ ಪರವಾಗಿ ಶೀಲಾ ಬರ್ಸೆ ಎಂಬ ಪತ್ರಕರ್ತೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಎಲ್ಲ ರಾಜ್ಯಗಳಿಗೂ ಒಂದೇ ಕಾಯಿದೆಯನ್ನು ಸಂಸತ್ತು ಮಾಡುವುದು ಒಳಿತೆಂದು ನ್ಯಾಯಾಲಯ 1986ರಲ್ಲಿ ಸೂಚಿಸಿತು. ಅದೇ ವರ್ಷ ಬಾಲ ನ್ಯಾಯ ಕಾಯಿದೆ ಬಂದಿತು.

ಆ ಕಾಯಿದೆಯಲ್ಲಿ ಹುಡುಗನಿಗೆ 16 ವರ್ಷ, ಹುಡುಗಿಗೆ 18 ವರ್ಷ ಎಂಬ ಮಿತಿಯಿತ್ತು. ಭಾರತವು 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡ ಮೇಲೆ, 2000ದ ಕಾಯಿದೆಯು ಇಬ್ಬರಿಗೂ 18 ಎಂದು ಗೆರೆ ಎಳೆಯಿತು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದಲ್ಲಿ 18 ತುಂಬದ ಒಬ್ಬನೂ ಸೇರಿದ್ದನೆಂಬುದು ತಿಳಿದಾಗ ದೇಶ ಕುದಿಯಿತು. ಆ ನೋವು ಸುಳ್ಳಲ್ಲ. ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಅಪರಾಧಿಯ ವಯಸ್ಸಿನ ಲೆಕ್ಕ ಹೇಳುವ ಧೈರ್ಯ ನಮಗಾರಿಗೂ ಇಲ್ಲ. ಆ ಕುದಿಯ ಫಲವಾಗಿ ಬಂದ 2015ರ ಕಾಯಿದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವ ಘೋರ ಅಪರಾಧವನ್ನು 16 ತುಂಬಿದ, 18 ತುಂಬದ ಮಗು ಮಾಡಿದೆಯೆಂಬ ಆಪಾದನೆ ಬಂದರೆ ಬಾಲ ನ್ಯಾಯ ಮಂಡಳಿಯು ಆ ಮಗುವಿನ ಮನಸ್ಸು, ದೇಹ, ತಿಳಿವಳಿಕೆ, ಸಂದರ್ಭಗಳನ್ನು ಪರಿಶೀಲಿಸುತ್ತದೆ. ಅಗತ್ಯವೆನಿಸಿದರೆ ಆ ಮಗುವನ್ನು ವಯಸ್ಕರಂತೆ ವಿಚಾರಿಸುವ ಸಲುವಾಗಿ ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಉಳಿದ ಪ್ರಕರಣಗಳಲ್ಲಿ ಬುದ್ಧಿವಾದ, ಸಮಾಜಸೇವೆ, ಪರಿವೀಕ್ಷಣೆ, ಹೆಚ್ಚೆಂದರೆ ವಿಶೇಷ ಗೃಹದಲ್ಲಿ 3 ವರ್ಷ. 18 ತುಂಬದವರಿಗೆ ಮರಣದಂಡನೆಯಂತೂ ಇಲ್ಲವೇ ಇಲ್ಲ.

ಈಗ ಗೆರೆಗಳನ್ನು ಗಮನಿಸಿರಿ. 16ಕ್ಕೆ ಒಂದು ಗೆರೆ, 18ಕ್ಕೆ ಇನ್ನೊಂದು. 15 ವರ್ಷ 11 ತಿಂಗಳಿಗೆ ಒಂದು ಹಾದಿ, 16 ವರ್ಷ 1 ತಿಂಗಳಿಗೆ ಬೇರೆ ಹಾದಿ. ಹಾಗಾದರೆ ಮಗುವಿನ ವಯಸ್ಸನ್ನು ಹೇಳುವವರು ಯಾರು? ಕಾಯಿದೆಯ 94ನೆಯ ಕಲಮು ಇದಕ್ಕೆ ಉತ್ತರ ಕೊಡುತ್ತದೆ. ಮೊದಲ ಸ್ಥಾನ ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರಕ್ಕೆ ಅಥವಾ ಹತ್ತನೆಯ ತರಗತಿಯ ಪರೀಕ್ಷಾ ಮಂಡಳಿಯ ಪ್ರಮಾಣಪತ್ರಕ್ಕೆ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಇವೆರಡೂ ಇಲ್ಲದಿದ್ದಾಗ ಮಾತ್ರ ಎಲುಬಿನ ಬೆಳವಣಿಗೆ ನೋಡುವ ವೈದ್ಯಕೀಯ ಪರೀಕ್ಷೆ. ವೈದ್ಯರಿಗಿಂತ ಮೊದಲು ಕಾಯಿದೆ ಕೇಳುವುದು ಮುಖ್ಯೋಪಾಧ್ಯಾಯರನ್ನು.

ಇದರ ತೂಕವನ್ನು ತಿಳಿಯಲು ನಮ್ಮ ಸೀಮೆಯಿಂದ ಬಹುದೂರದ ಒಂದು ಪ್ರಕರಣವನ್ನು ಹೇಳಬೇಕು. 1994ರಲ್ಲಿ ಪುಣೆಯಲ್ಲಿ ಒಂದೇ ದಿನ ಏಳು ಜನರ ಕೊಲೆಯಾಯಿತು. ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ವಯಸ್ಕನೆಂದೇ ವಿಚಾರಿಸಿ 1998ರಲ್ಲಿ ಮರಣದಂಡನೆ ವಿಧಿಸಲಾಯಿತು; 2000ದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೃತ್ಯ ನಡೆದಾಗ ತಾನು ಬಾಲಕನಾಗಿದ್ದೆನೆಂದು ಆತ ವರ್ಷಗಳ ಮೇಲೆ ಮತ್ತೆ ನ್ಯಾಯಾಲಯವನ್ನು ಕೇಳಿಕೊಂಡನು. ಬಾಲ್ಯದ ಪ್ರಶ್ನೆಯನ್ನು ಯಾವ ಹಂತದಲ್ಲಾದರೂ, ಅಂತಿಮ ತೀರ್ಪಿನ ನಂತರವೂ, ಎತ್ತಬಹುದೆಂದು ಕಾಯಿದೆಯಲ್ಲಿದೆ. ವಿಚಾರಣೆ ಬಿಕಾನೇರ್ ಸೀಮೆಯ ಒಂದು ಸರ್ಕಾರಿ ಶಾಲೆಯವರೆಗೆ ಹೋಯಿತು. ಅಲ್ಲಿಯ ದಾಖಲೆಯ ಆಧಾರದ ಮೇಲೆ ಶಾಲೆ ಕೊಟ್ಟ ಪ್ರಮಾಣಪತ್ರದಲ್ಲಿ ಜನ್ಮದಿನಾಂಕ 1982ರ ಫೆಬ್ರುವರಿ 1 ಎಂದಿತ್ತು. ಅಂದರೆ ಕೃತ್ಯದ ದಿನ ಆತನ ವಯಸ್ಸು ಹನ್ನೆರಡೂವರೆ. 2023ರ ಮಾರ್ಚ್ 27ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಿ ಆತನನ್ನು ಬಿಡುಗಡೆ ಮಾಡಿತು. ಅಷ್ಟು ಹೊತ್ತಿಗೆ ಆತ ಜೈಲಿನಲ್ಲಿ 28 ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದನು. ಕಾಯಿದೆಯ ಪ್ರಕಾರ ಅಂಥ ಬಾಲಕನನ್ನು ಇಡಬಹುದಾದದ್ದು ಹೆಚ್ಚೆಂದರೆ 3 ವರ್ಷ.

ಯಾವುದೋ ಹಳ್ಳಿಶಾಲೆಯ ಮಾಸ್ತರರು ಎಂದೋ ಶಾಯಿಯಲ್ಲಿ ಬರೆದ ಒಂದು ಸಾಲು ಮನುಷ್ಯನೊಬ್ಬನನ್ನು ನೇಣಿನಿಂದ ಇಳಿಸಿತು. ಆ ಸಾಲನ್ನು ಹುಡುಕಲು ತಡವಾದದ್ದರಿಂದ ಅವನ ಯೌವನವೆಲ್ಲ ಹೋಯಿತು. ಎರಡೂ ಮಾತುಗಳನ್ನು ನಾವು ಒಟ್ಟಿಗೆ ನೆನಪಿಡಬೇಕು.

ಈಗ ನಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿಕೊಳ್ಳೋಣ: ನಮ್ಮ ಸಾಲುಗಳು ನಿಜವೇ? ನಿಜಾಮ ಸಂಸ್ಥಾನದ ಕಾಗದಪತ್ರಗಳಲ್ಲಿ ಫಸಲಿ ವರ್ಷದ ಲೆಕ್ಕವಿತ್ತು. ನಮ್ಮ ತಾಯಂದಿರು ಮಗು ಹುಟ್ಟಿದ್ದನ್ನು ನೆನೆಯುತ್ತಿದ್ದುದು ಜೋಳದ ರಾಶಿಯಿಂದ, ಬರಗಾಲದಿಂದ, ಹಬ್ಬದಿಂದ. ಶಾಲೆಗೆ ಬಂದ ದಿನ ಮಾಸ್ತರರು ಮಗುವನ್ನು ಮೇಲಿಂದ ಕೆಳಗೆ ನೋಡಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಮ್ಮ ತಲೆಮಾರಿನ ಅದೆಷ್ಟೋ ಜನರು ಕಾಗದದ ಮೇಲೆ ಒಂದೇ ದಿನ ಹುಟ್ಟಿದವರು. ಅದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಮಗು ಶಾಲೆಗೆ ಸೇರಲಿ ಎಂಬ ಪ್ರೀತಿಯೇ ಇತ್ತು. ಮುಂದೆ ಮಾತ್ರ ಲೆಕ್ಕಾಚಾರ ಸೇರಿಕೊಂಡಿತು. ಬೇಗ ಒಂದನೆಯ ತರಗತಿಗೆ ಹಾಕಲು ಒಂದು ವರ್ಷ ಏರಿಸುವುದು, ನೌಕರಿ ಹೆಚ್ಚು ಕಾಲ ಉಳಿಯಲೆಂದು ಎರಡು ವರ್ಷ ಇಳಿಸುವುದು, ಮಗಳ ಮದುವೆಯ ಅವಸರಕ್ಕೆ ವಯಸ್ಸನ್ನು ಹಿಗ್ಗಿಸುವುದು.

ಏರಿಸಿ ಬರೆದ ಒಂದು ವರ್ಷವು 15ರ ಹುಡುಗನನ್ನು 16ರ ಗೆರೆ ದಾಟಿಸಬಹುದು. ಇಳಿಸಿ ಬರೆದ ಎರಡು ವರ್ಷ ತಿಳಿದೂ ತಪ್ಪು ಮಾಡಿದ ವಯಸ್ಕನಿಗೆ ಮರೆಯಾಗಬಹುದು. ಆಗ ನೊಂದವರಿಗೆ ಅನ್ಯಾಯ. ಹಿಗ್ಗಿಸಿ ಬರೆದ ವಯಸ್ಸು ಬಾಲ್ಯವಿವಾಹ ನಿಷೇಧ ಕಾಯಿದೆಯ ರಕ್ಷಣೆಯನ್ನೇ ಹೆಣ್ಣುಮಗುವಿನ ಕೈಯಿಂದ ಕಸಿದುಕೊಳ್ಳಬಹುದು. ಇಂಥ ಬರಹದ ಬಗ್ಗೆ ನ್ಯಾಯಾಲಯಗಳೂ ಎಚ್ಚರ ವಹಿಸಿವೆ. ಕೇವಲ ವರ್ಗಾವಣೆ ಪತ್ರ ಅಥವಾ ದಾಖಲಾತಿ ಪುಸ್ತಕದ ಉದ್ಧೃತ ಭಾಗವು 94ನೆಯ ಕಲಮು ಹೇಳುವ ಪ್ರಮಾಣಪತ್ರವಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2023ರ ಜುಲೈಯಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಿದೆ. ಜನನ ನೋಂದಣಿ ಕಾಯಿದೆಯ ತಿದ್ದುಪಡಿಯಿಂದಾಗಿ 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶಕ್ಕೂ ಜನನ ಪ್ರಮಾಣಪತ್ರವೇ ವಯಸ್ಸಿನ ಆಧಾರ. ಆದರೂ ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳು ಅದಕ್ಕೂ ಮೊದಲು ಹುಟ್ಟಿದವರು. ಅವರ ಪಾಲಿಗೆ ನಮ್ಮ ಸಾಲೇ ಇನ್ನೂ ಹಲವು ವರ್ಷ ಸಾಕ್ಷಿಯಾಗಿರುತ್ತದೆ.

2024ರ ಜುಲೈ 1ರಿಂದ 1860ರ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಇದರಿಂದ ಮಕ್ಕಳಿಗೆ ಏನಾಯಿತೆಂದು ಪಾಲಕರು ತಿಳಿದಿರಬೇಕು. 7 ವರ್ಷ ತುಂಬದ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ, 7ರಿಂದ 12ರ ಒಳಗೆ ತಿಳಿವಳಿಕೆ ಬಲಿತಿರದಿದ್ದರೆ ಅಪರಾಧವಲ್ಲ ಎಂಬ ಹಳೆಯ ನಿಯಮಗಳು ಹಾಗೆಯೇ ಉಳಿದಿವೆ. ಬಾಲ ನ್ಯಾಯ ಕಾಯಿದೆಯೂ ಉಳಿದಿದೆ. ಹೊಸದಾಗಿ 95ನೆಯ ಕಲಮು ಬಂದಿದೆ: ಮಗುವನ್ನು ಅಪರಾಧಕ್ಕೆ ಬಳಸಿಕೊಳ್ಳುವ ದೊಡ್ಡವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 10 ವರ್ಷದವರೆಗಿನ ಸೆರೆವಾಸ. ಕಳವಿಗೆ, ಸಾಗಣೆಗೆ ಚಿಕ್ಕವರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವವರನ್ನು ಹಿಡಿಯುವ ದಾರಿ ಇದು. ಶಿಕ್ಷೆಯನ್ನು ಬಿಗಿಗೊಳಿಸುವುದಾದರೆ ಈ ದಿಕ್ಕಿನಲ್ಲಿ ಬಿಗಿಗೊಳಿಸುವುದೇ ಸರಿಯೆಂದು ನಮ್ಮ ಅಭಿಪ್ರಾಯ.

ಗಡಿನಾಡಿನವರಾದ ನಮಗೆ ಇನ್ನೊಂದು ಕಲಮು ಮುಖ್ಯ. ಕನ್ನಡದಲ್ಲಿ ಓದಿದ ನಮ್ಮ ಮಗು ತೆಲುಗು ನಡೆಯುವ ಮಂಡಳಿಯ ಮುಂದೆ ನಿಲ್ಲಬೇಕಾಗಿ ಬರಬಹುದು. ಆಟದ ಬಯಲಿನಲ್ಲಿ ಸರಾಗವಾಗಿ ತೆಲುಗಾಡುವ ಮಗುವೂ ಹೆದರಿಕೆಯ ಹೊತ್ತಿನಲ್ಲಿ ಮನೆಯ ಮಾತಿಗೇ ಮರಳುತ್ತದೆ. ವಿಚಾರಣೆಯ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕು, ಪ್ರತಿ ಹಂತದಲ್ಲಿಯೂ ಮಗುವೂ ಪಾಲಕರೂ ತಿಳಿದು ಭಾಗವಹಿಸುವಂತಿರಬೇಕು, ಕಾನೂನು ನೆರವು ದೊರಕಬೇಕು ಎಂದು 8ನೆಯ ಕಲಮು ಹೇಳುತ್ತದೆ. ಇದು ದಾಕ್ಷಿಣ್ಯವಲ್ಲ, ಹಕ್ಕು; ಕೇಳಿ ಪಡೆಯತಕ್ಕದ್ದು. ಹಾಗೆಯೇ ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ನ್ಯಾಯಾಧೀಶರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು.

ಕೊನೆಯದಾಗಿ ಶಿಕ್ಷಕರಲ್ಲಿ ಒಂದು ಮಾತು. ಪರಿವೀಕ್ಷಣಾಧಿಕಾರಿ ಮಗುವಿನ ಹಿನ್ನೆಲೆಯ ಬಗ್ಗೆ ವರದಿ ಬರೆಯುವಾಗ ಶಾಲೆಯ ಅಭಿಪ್ರಾಯವನ್ನೂ ಕೇಳಬಹುದು. "ಅವನು ಮೊದಲಿನಿಂದಲೂ ಪುಂಡ" ಎಂಬ ಒಂದು ಮಾತು ಬಾಗಿಲನ್ನು ಮುಚ್ಚುತ್ತದೆ. "ತಂದೆ ತೀರಿಕೊಂಡ ಮೇಲೆ ಶಾಲೆ ತಪ್ಪಿಸತೊಡಗಿದ, ಗಣಿತದಲ್ಲಿ ಚುರುಕು" ಎಂಬ ನಿಜದ ಮಾತು ಬಾಗಿಲನ್ನು ತೆರೆಯುತ್ತದೆ. ಮಗುವಿಗೆ ಕಳಂಕ ಹಚ್ಚುವ ಪದಗಳನ್ನು ಬಳಸಬಾರದು, ಹೊಸ ಬದುಕಿಗೆ ಅವಕಾಶವಿರಬೇಕು ಎಂಬುದನ್ನು ಕಾಯಿದೆ ತನ್ನ ಮೂಲತತ್ತ್ವಗಳಲ್ಲಿ ಸೇರಿಸಿದೆ. ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದೆಂದು 74ನೆಯ ಕಲಮು ವಿಧಿಸಿದೆ; ತಪ್ಪಿದರೆ 6 ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅಂಥ ಚಿತ್ರ ಬಂದಾಗ ಮುಂದಕ್ಕೆ ಕಳುಹಿಸುವ ಮೊದಲು ಈ ಕಲಮನ್ನು ನೆನೆಯಿರಿ. ಪ್ರಕರಣ ಮುಗಿದ ಮೇಲೆ ನಡತೆಯ ಪತ್ರಕ್ಕಾಗಿ ಕೇಳಿದರೂ ಪೊಲೀಸರು ಆ ದಾಖಲೆಯನ್ನು ಹೊರಗೆಡಹುವಂತಿಲ್ಲ. ಕಾಯಿದೆಯೇ ಮರೆಯಲು ಒಪ್ಪಿದ್ದನ್ನು ನಾವು ಊರಕಟ್ಟೆಯ ಮೇಲೆ ನೆನಪಿಸುತ್ತ ಕೂಡಬಾರದು.

ಶತಮಾನೋತ್ಸವದ ಈ ವರ್ಷ ಶಾಲೆಗೆ ಹೊಸ ಕೋಣೆ ಬರಲಿ, ಬಣ್ಣ ಬರಲಿ. ಅದರೊಡನೆ ಹಳೆಯ ದಾಖಲಾತಿ ಪುಸ್ತಕಗಳಿಗೆ ಗಟ್ಟಿ ರಟ್ಟು ಹಾಕಿಸಿ, ಗೆದ್ದಲು ಮುಟ್ಟದ ಕಪಾಟಿನಲ್ಲಿಟ್ಟು, ಪ್ರತಿಯೊಂದು ಪುಟದ ನಕಲು ತೆಗೆಸಿಡಬೇಕೆಂದು ಹಳೆಯ ವಿದ್ಯಾರ್ಥಿಗಳನ್ನು ಬೇಡಿಕೊಳ್ಳುತ್ತೇವೆ. ಹೆಚ್ಚು ಖರ್ಚಿನ ಕೆಲಸವಲ್ಲ. ಪಾಲಕರು ಪ್ರವೇಶದ ದಿನ ನಿಜವಾದ ತಾರೀಖನ್ನೇ ಹೇಳಿರಿ. ಗುರುಗಳು ಅದನ್ನೇ ಬರೆಯಿರಿ. ಯಾವ ಮಗುವಿಗೆ ಆ ಸಾಲು ಎಂದು ಬೇಕಾದೀತೋ ಯಾರೂ ಬಲ್ಲವರಿಲ್ಲ. ಬೇಕಾದ ದಿನ ಅದು ಅಲ್ಲಿರಬೇಕು, ನಿಜವಾಗಿರಬೇಕು.