ಘಟ್ಟದ ರಸ್ತೆಯೂ ಅದರ ಉಸ್ತುವಾರಿ ಇಂಜಿನಿಯರೂ

(ಚಿಕ್ಕಮಗಳೂರಿನಲ್ಲಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಮುಂದೆ ಮಾಡಿದ ಭಾಷಣ)



ಇಂದು ನಾನು ಮಂತ್ರಿಗಳ ವಿಷಯ ಮಾತನಾಡುವುದಿಲ್ಲ. ರಸ್ತೆಯ ಕೆಲಸ ನಡೆಯುವಾಗ ಅದರ ಮೇಲೆ ನಿಂತು ನೋಡಿಕೊಳ್ಳಬೇಕಾದ ಇಂಜಿನಿಯರೆಂಬ ಒಬ್ಬ ನೌಕರನ ವಿಷಯ ಮಾತನಾಡುತ್ತೇನೆ. ಅದರಿಂದ ನಮಗೇನು ಎಂದು ಕ್ಯೂರಿಂಗ್ ವರ್ಕ್ಸಿನ ಗೆಳೆಯರು ಕೇಳಬಹುದು. 2019ರ ಆಗಸ್ಟ್ ತಿಂಗಳನ್ನು ಜ್ಞಾಪಿಸಿಕೊಳ್ಳಿ. ಚಾರ್ಮಾಡಿ ಘಟ್ಟದಲ್ಲಿ ಹಲವು ಕಡೆ ಗುಡ್ಡ ಜರುಗಿ ರಸ್ತೆ ನಿಂತುಹೋಯಿತು. ಸಣ್ಣ ಗಾಡಿಗಳಿಗೆ ಮೊದಲು ದಾರಿಯಾಯಿತು. ಲಾರಿಗಳು ಬಹಳ ಕಾಲ ಕಾಯಬೇಕಾಯಿತು. ಮಂಗಳೂರಿನ ಸರಕು ಸುತ್ತಿ ಬಂದಾಗ ಆ ಹೆಚ್ಚಿನ ಬಾಡಿಗೆಯನ್ನು ತೆರುವವನು ಲಾರಿ ಮಾಲೀಕನಲ್ಲ. ಮೊದಲು ಅಂಗಡಿಯವನು, ಆಮೇಲೆ ಅಂಗಡಿಯಲ್ಲಿ ಕೊಳ್ಳುವ ಕೂಲಿಕಾರ. ಭದ್ರೆ ತುಂಬಿದಾಗ ಕಳಸದ ಹತ್ತಿರ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ಕಡಿದುಹೋದದ್ದನ್ನೂ ನಾವು ಕಂಡಿದ್ದೇವೆ.

ಮಳೆಯೇ ಹಾಗೆ, ಇಂಜಿನಿಯರು ಏನು ಮಾಡಿಯಾನು ಎನ್ನುವವರುಂಟು. ಮಳೆ ನಿಜ. ಕೊಟ್ಟಿಗೆಹಾರದ ಕಡೆ ವರ್ಷಕ್ಕೆ 100 ಅಂಗುಲಕ್ಕೂ ಮೀರಿ ಸುರಿಯುತ್ತದೆ. ಆದರೆ ಅದೇನು ಹೊಸ ಸುದ್ದಿಯೆ? ಇಷ್ಟು ಮಳೆ ಬೀಳುತ್ತದೆಂದು ಗೊತ್ತಿದ್ದೇ ರಸ್ತೆ ಕಟ್ಟುತ್ತಾರೆ. ಆದುದರಿಂದ ಘಟ್ಟದ ರಸ್ತೆಯಲ್ಲಿ ಇಂಜಿನಿಯರು ಮೊದಲು ನೋಡತಕ್ಕದ್ದು ಡಾಂಬರನ್ನಲ್ಲ, ನೀರನ್ನು. ಗುಡ್ಡ ಕಡಿದ ಕಡೆ ಮೇಲಿನಿಂದ ಇಳಿಯುವ ನೀರನ್ನು ಅಲ್ಲಿಯೇ ಹಿಡಿದು ಪಕ್ಕಕ್ಕೆ ಸಾಗಿಸುವ ಕಾಲುವೆ ಇದೆಯೆ? ರಸ್ತೆಯ ಒಳಬದಿಯ ಚರಂಡಿ ಮೋರಿಯವರೆಗೆ ಹೋಗಿ ಮುಟ್ಟುತ್ತದೆಯೆ, ಅಥವಾ ನಡುವೆ ಎಲ್ಲೋ ಮುಗಿಯುತ್ತದೆಯೆ? ರಸ್ತೆಗೆ ನೂರು ಅಡಿ ಅಗಲಕ್ಕೆ ಎರಡೂವರೆ ಅಡಿಯ ಲೆಕ್ಕದಲ್ಲಿ ಇಳಿಜಾರು ಉಂಟೆ? ಕಣಿವೆಯ ಬದಿಯ ತಡೆಗೋಡೆಯಲ್ಲಿ ಸಾಲಾಗಿ ತೂತುಗಳಿರುವುದನ್ನು ನೀವು ನೋಡಿರಬಹುದು. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಉಬ್ಬಿದಾಗ ಆ ನೀರು ಹೊರಬೀಳಲು ಇರುವ ಬಾಯಿ ಅದು. ತೂತಿನ ಹಿಂದೆ ಜಲ್ಲಿ ತುಂಬದೆ ಬರಿಯ ಮಣ್ಣು ಒತ್ತಿದರೆ ಬಾಯಿ ಕಟ್ಟುತ್ತದೆ, ನೀರು ಗೋಡೆಯನ್ನೇ ತಳ್ಳುತ್ತದೆ. ಗೋಡೆ ಎದ್ದ ಮೇಲೆ ಹಿಂದೆ ಜಲ್ಲಿಯಿದೆಯೋ ಮಣ್ಣಿದೆಯೋ ಯಾರಿಗೂ ಕಾಣುವುದಿಲ್ಲ. ಕಟ್ಟುವ ದಿನ ಅಲ್ಲಿ ನಿಂತಿದ್ದವನಿಗೆ ಮಾತ್ರ ಗೊತ್ತು. ಉಸ್ತುವಾರಿ ಎಂಬುದಕ್ಕೆ ಅರ್ಥ ಇದೇ.

ಮಣ್ಣಿನ ಮಾತೂ ಹಾಗೆಯೇ. ಪದರ ಪದರವಾಗಿ ಹಾಕಿ, ಹದವಾಗಿ ನೀರು ಚಿಮುಕಿಸಿ ರೋಲರ್ ಓಡಿಸಬೇಕು. ಗಟ್ಟಿಯಾಯಿತೆ ಎಂದು ಕಾಲಿನಿಂದ ಒದ್ದು ನೋಡುವುದು ಪರೀಕ್ಷೆಯಲ್ಲ. ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ತೂಕ ಗೊತ್ತಿರುವ ಮರಳನ್ನು ಸುರಿದು ಅದರ ಗಾತ್ರ ಕಂಡುಹಿಡಿಯುತ್ತಾರೆ. ಮಣ್ಣಿನ ಪಸೆಯನ್ನು ಕಳೆದು ಲೆಕ್ಕ ಹಾಕಿ ಪ್ರಯೋಗಶಾಲೆಯ ಅಂಕಿಗೆ ಹೋಲಿಸುತ್ತಾರೆ. ಹೆದ್ದಾರಿಯ ನಿಯಮದಲ್ಲಿ ರಸ್ತೆಯ ತಳದ ಮಣ್ಣು ನೂರಕ್ಕೆ 97 ಬರಬೇಕು. ಸೇರು ಬಟ್ಟಲಿನಲ್ಲಿ ಅಳೆಯುವ ನಮ್ಮ ವರ್ತಕರಿಗೆ ಇದು ತಿಳಿಯದ ವಿದ್ಯೆಯೇನಲ್ಲ.

ನಾನು ಮೇಷ್ಟ್ರಾಗಿದ್ದವನು, ಲೆಕ್ಕ ಹಾಕದೆ ಬಿಡಲಾರೆ. ಒಂದು ಕಿಲೋಮೀಟರ್ ರಸ್ತೆ, ಅಗಲ 3.75 ಮೀಟರ್, ಮೇಲಿನ ಡಾಂಬರು ಹಾಸು 20 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು 75 ಘನ ಮೀಟರ್ ಮಾಲು ಬೇಕು. ಹಾಕಿದ್ದು 15 ಮಿಲಿಮೀಟರ್ ಮಾತ್ರವೆಂದರೆ 18.75 ಘನ ಮೀಟರ್, ಎಂದರೆ ಸುಮಾರು 40 ಟನ್ ಮಾಲು ರಸ್ತೆಗೆ ಬರಲೇ ಇಲ್ಲ. ಹತ್ತು ಟನ್ನಿನ ನಾಲ್ಕು ಲಾರಿ! ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಬೆರಳಿನ ಅರ್ಧದಷ್ಟೂ ಇಲ್ಲ. ಆದರೆ ಅಳತೆ ಪುಸ್ತಕದಲ್ಲಿ 20 ಎಂದು ಬರೆದು ರುಜು ಹಾಕಿದರೆ ಬಿಲ್ಲು 20ಕ್ಕೇ ಆಗುತ್ತದೆ. ಆ ಪುಸ್ತಕವನ್ನು ಬರೆಯುವವನು ಸ್ಥಳದ ಇಂಜಿನಿಯರು; ಮೇಲಿನವನು ತಾಳೆ ನೋಡಬೇಕು. ಸರ್ಕಾರದ ಬೊಕ್ಕಸಕ್ಕೆ ಇರುವ ಬೀಗದಕೈ ಆ ಪುಸ್ತಕವೇ.

ಇನ್ನು ಮಾರ್ಚ್ ತಿಂಗಳ ಅವಸರ. 31ರೊಳಗೆ ಹಣ ಖರ್ಚಾಗಬೇಕೆಂದು ರಾತ್ರಿಯಲ್ಲೂ ಡಾಂಬರು ಸುರಿಯುವುದುಂಟು. ನಮ್ಮಲ್ಲಿ ಕಾಫಿ ಹೂವಿನ ಮಳೆ ಬರುವುದೂ ಅದೇ ಕಾಲಕ್ಕೆ. ತೋಟದವನಿಗೆ ಅದು ಬಂಗಾರ, ರಸ್ತೆಗೆ ವಿಷ. ಜಲ್ಲಿ ಒದ್ದೆಯಾಗಿದ್ದರೆ ಡಾಂಬರು ಅಂಟುವುದಿಲ್ಲ; ಮೊದಲ ಮುಂಗಾರಿಗೇ ಸಿಪ್ಪೆಯಂತೆ ಏಳುತ್ತದೆ. ಆ ದಿನ “ಕೆಲಸ ನಿಲ್ಲಿಸಿ” ಎನ್ನುವ ಅಧಿಕಾರ ಇಂಜಿನಿಯರಿಗಿದೆ. ಹಾಗೆಂದವನಿಗೆ ವರ್ಗಾವಣೆಯ ಭಯವೂ ಇದೆ. ಕಚೇರಿಗಳಲ್ಲಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಚಿತ್ರಕ್ಕೆ ಹಾರ ಹಾಕುತ್ತಾರೆ, ಸಂತೋಷ. ಕೆಲಸ ನಿಲ್ಲಿಸಿದ ಕಿರಿಯ ಇಂಜಿನಿಯರ ಬೆನ್ನಿಗೆ ಎಷ್ಟು ಮಂದಿ ನಿಲ್ಲುತ್ತಾರೆ?

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಸತ್ಯೇಂದ್ರ ದುಬೆ ಎಂಬ ತರುಣ ಇಂಜಿನಿಯರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಬಿಹಾರ, ಝಾರ್ಖಂಡ್ ಕಡೆಯ ಹೆದ್ದಾರಿ ಕೆಲಸದ ಮೇಲಿದ್ದರು. ದೊಡ್ಡ ಕಂಟ್ರಾಕ್ಟರುಗಳು ಕೆಲಸವನ್ನು ಚಿಕ್ಕವರಿಗೆ ಒಳಗುತ್ತಿಗೆ ಕೊಡುತ್ತಿರುವುದನ್ನೂ ಕೆಲಸ ಕಳಪೆಯಾಗುತ್ತಿರುವುದನ್ನೂ 2002ರಲ್ಲಿ ಪ್ರಧಾನಮಂತ್ರಿಗಳಿಗೆ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡರು. ಹೆಸರು ಗುಟ್ಟಾಗಿ ಉಳಿಯಲಿಲ್ಲ. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 30.

ರಸ್ತೆಗೆ ಮೈ ಬಗ್ಗಿಸುವವರನ್ನು ಮರೆತು ರಸ್ತೆಯ ಮಾತಾಡಬಾರದು. ಕುದಿಯುವ ಡಾಂಬರಿನ ಹತ್ತಿರ ಕಾಲಿಗೆ ಚಿಂದಿ ಸುತ್ತಿಕೊಂಡು ಜಲ್ಲಿ ಹೊರುವ ಹೆಂಗಸರನ್ನು ನೀವೆಲ್ಲರೂ ನೋಡಿದ್ದೀರಿ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ, ಕಂಟ್ರಾಕ್ಟರು ಕೂಲಿ ಬಟವಾಡೆ ಮಾಡುವಾಗ ಕೆಲಸ ಮಾಡಿಸಿಕೊಳ್ಳುವ ಇಲಾಖೆಯ ಪ್ರತಿನಿಧಿ ಎದುರಿಗಿದ್ದು ರುಜು ಹಾಕಬೇಕೆಂದು ವಿಧಿಸಿತ್ತು. ಜಲ್ಲಿಯನ್ನು ಅಳೆಯುವ ಇಂಜಿನಿಯರು ಕೂಲಿಯನ್ನೂ ಕಣ್ಣಿಟ್ಟು ನೋಡಲಿ ಎಂಬುದು ನನ್ನ ಮಾತು. ಜಲ್ಲಿಯಲ್ಲಿ ಕದಿಯುವವನು ಕೂಲಿಯಲ್ಲಿ ಬಿಟ್ಟಾನೆಯೆ?

ಈಗ ನಾವು ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಕೂಗಾಡಿ ರಸ್ತೆ ತಡೆದರೆ ತೊಂದರೆಯಾಗುವುದು ನಮ್ಮದೇ ಬಸ್ಸಿಗೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಲ್ಲಿ ಬಹಳ ಜನ ಓದದ ಒಂದು ಮಾತಿದೆ. ಕಾಗದದ ನಕಲು ಕೇಳುವುದಷ್ಟೇ ಅಲ್ಲ, ಕಾಮಗಾರಿಯನ್ನು ಹೋಗಿ ನೋಡುವುದಕ್ಕೂ, ಬಳಸಿದ ಮಾಲಿನ ಪ್ರಮಾಣಿತ ಮಾದರಿ ತೆಗೆದುಕೊಳ್ಳುವುದಕ್ಕೂ ಪ್ರಜೆಗೆ ಹಕ್ಕಿದೆ. ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಅಳತೆ ಪುಸ್ತಕದ ನಕಲು, ಪರೀಕ್ಷೆಗಳ ವರದಿ, ಅಂದಾಜು ಪಟ್ಟಿ, ಈ ಮೂರನ್ನು ಕೇಳಿ. ಪ್ರಾಮಾಣಿಕ ಇಂಜಿನಿಯರಿಗೆ ಇದರಿಂದ ಬಲವೇ ಬರುತ್ತದೆ: “ಊರವರು ಪುಸ್ತಕ ಕೇಳುತ್ತಾರೆ, ನಾನು ಸುಳ್ಳು ಬರೆಯಲಾರೆ” ಎಂದು ಅವನು ಕಂಟ್ರಾಕ್ಟರಿಗೆ ಹೇಳಬಲ್ಲ.

ಮಳೆ ನಿಂತ ಮೇಲೆ ಕೆಲಸಗಳು ಶುರುವಾಗುತ್ತವೆ. ನಿಮ್ಮ ಊರಿನ ರಸ್ತೆಗೆ ಜಲ್ಲಿ ಬಂದು ಬಿದ್ದ ದಿನ ನನಗೆ ತಿಳಿಸಿ. ಅರ್ಜಿ ಬರೆಯಲು ಅಭ್ಯಾಸವಿಲ್ಲದವರು ಸಂಜೆ ಆರು ಗಂಟೆಯ ಮೇಲೆ ಪಕ್ಷದ ಕಚೇರಿಗೆ ಬಂದರೆ ನಾನೇ ಬರೆದುಕೊಡುತ್ತೇನೆ. ಕಾಗದ ನಮ್ಮದು, ಹತ್ತು ರೂಪಾಯಿ ಮಾತ್ರ ನಿಮ್ಮದು.