ಅನ್ನ ಕಡಿಮೆ ಮಾಡಿದವರ ಮೊದಲ ವಾರ

(ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾವು ಮಾತನಾಡಲಿರುವ ವಿಷಯ ಚಿಕ್ಕದೆಂದು ಕೆಲವರಿಗೆ ತೋರಬಹುದು. ಅನ್ನ, ರೊಟ್ಟಿ, ಸಕ್ಕರೆಗಳನ್ನು ಕಡಿಮೆ ಮಾಡಿದವರನ್ನು ಮೊದಲ ಕೆಲವು ದಿನ ಆವರಿಸುವ ನಿತ್ರಾಣದ ಕುರಿತು ಮಾತನಾಡಲು ಒಂದು ಸಭೆ ಬೇಕೇ ಎಂದು ಕೇಳುವವರೂ ಇದ್ದಾರೆ. ಆದರೆ ಈ ನಿತ್ರಾಣದ ಕಾರಣದಿಂದಲೇ ಎಷ್ಟೋ ಮಂದಿ ತಮ್ಮ ಒಳ್ಳೆಯ ನಿರ್ಧಾರವನ್ನು ನಾಲ್ಕನೆಯ ದಿನ ಕೈಬಿಡುತ್ತಾರೆ. ಇನ್ನು ಕೆಲವರು ನಿಜವಾದ ಅಪಾಯದ ಲಕ್ಷಣವನ್ನೂ ಬರೀ ನಿತ್ರಾಣವೆಂದು ಭಾವಿಸಿ ಸಹಿಸಿಕೊಳ್ಳುತ್ತಾರೆ. ಮೊದಲನೆಯವರು ಆರೋಗ್ಯದ ಅವಕಾಶವೊಂದನ್ನು ಕಳೆದುಕೊಂಡರೆ, ಎರಡನೆಯವರು ಜೀವವನ್ನೇ ಕಳೆದುಕೊಳ್ಳುವ ಸಾಧ್ಯತೆಯಿದೆ. ಆದ್ದರಿಂದ ಇವೆರಡರ ನಡುವಿನ ವ್ಯತ್ಯಾಸವನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು.

ಮೊದಲು ನಮ್ಮ ತಟ್ಟೆಯನ್ನೇ ನೋಡೋಣ. ಕರಾವಳಿಯ ಮನೆಗಳಲ್ಲಿ ಬೆಳಿಗ್ಗೆ ನೀರುದೋಸೆ ಅಥವಾ ಪತ್ತಿರ್, ಜೊತೆಗೆ ಸಕ್ಕರೆ ಹಾಕಿದ ಚಹಾ. ಹತ್ತು ಗಂಟೆಗೆ ಬಿಸ್ಕತ್ತು. ಮಧ್ಯಾಹ್ನ ಕುಚ್ಚಲಕ್ಕಿಯ ಅನ್ನ, ಸಂಜೆ ಬನ್ಸ್, ರಾತ್ರಿ ಮತ್ತೆ ಅನ್ನ. ಉತ್ತರ ಕರ್ನಾಟಕದಲ್ಲಿ ಅಕ್ಕಿಯ ಸ್ಥಾನವನ್ನು ಜೋಳ ಅಥವಾ ಗೋಧಿ ಆಕ್ರಮಿಸಿಕೊಂಡಿದೆ. ಧಾನ್ಯ ಬೇರೆಯಾದರೂ ಲೆಕ್ಕ ಒಂದೇ. 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತೀಯರು ಪಡೆಯುವ ಒಟ್ಟು ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಶರ್ಕರಪಿಷ್ಟದಿಂದ. ಪ್ರೋಟೀನಿನ ಪಾಲು ಕೇವಲ ಶೇ. 12ರ ಆಸುಪಾಸು. ಇದೇ ಅಧ್ಯಯನ ಸರಣಿಯ 2023ರ ವರದಿಯು ದೇಶದಲ್ಲಿ 10.1 ಕೋಟಿ ಸಕ್ಕರೆ ಕಾಯಿಲೆಯವರಿದ್ದಾರೆಂದೂ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿತ್ತು. ಹೀಗಿರುವಾಗ ಅನ್ನ ಕಡಿಮೆ ಮಾಡಬೇಕೆಂದು ಯಾರಾದರೂ ನಿರ್ಧರಿಸಿದರೆ ಅದು ಕೇವಲ ಶೋಕಿಯಲ್ಲ.

ಆದರೆ ನಿರ್ಧಾರದ ನಂತರ ಏನಾಗುತ್ತದೆ? ಎರಡನೆಯ ಅಥವಾ ಮೂರನೆಯ ದಿನ ತಲೆ ಭಾರವಾಗುತ್ತದೆ. ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ. ಕುಳಿತಲ್ಲಿಂದ ಎದ್ದಾಗ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಮನೆಯ ಹಿರಿಯರು, "ಅನ್ನ ಬಿಟ್ಟರೆ ಹೀಗೇ ಆಗುವುದು, ಸುಮ್ಮನೆ ಉಣ್ಣು" ಎನ್ನುತ್ತಾರೆ. ಉಂಡೊಡನೆ ಹಾಯೆನಿಸುತ್ತದೆ. ಅಲ್ಲಿಗೆ ಆ ಪ್ರಯತ್ನ ಮುಗಿಯುತ್ತದೆ. ತನಗೆ ಮನೋಬಲವಿಲ್ಲ ಎಂಬ ಕೊರಗು ಮಾತ್ರ ಉಳಿಯುತ್ತದೆ.

ಇದು ಮನೋಬಲದ ಪ್ರಶ್ನೆಯಲ್ಲ ಎಂಬುದನ್ನು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ನಮ್ಮ ಶರೀರವು ಸಕ್ಕರೆಯ ಒಂದಂಶವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಪ್ರತಿಯೊಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಕಡಿಮೆಯಾದಾಗ ಈ ದಾಸ್ತಾನು ಕರಗುತ್ತದೆ, ನೀರು ಹೊರಹೋಗುತ್ತದೆ. ಜೊತೆಗೆ ರಕ್ತದಲ್ಲಿ ಇನ್ಸುಲಿನ್ ಪ್ರಮಾಣ ಇಳಿಯುವುದರಿಂದ ಮೂತ್ರಪಿಂಡಗಳು ಉಪ್ಪನ್ನೂ ಹೆಚ್ಚಾಗಿ ಹೊರಹಾಕುತ್ತವೆ. ಮೊದಲ ವಾರದಲ್ಲಿ ಎರಡು ಕಿಲೋ ತೂಕ ಇಳಿಯಿತೆಂದು ಸಂತೋಷಪಡುವವರು ಅದರಲ್ಲಿ ಬಹುಪಾಲು ನೀರೆಂಬುದನ್ನು ಅರಿತಿರಬೇಕು. ತಲೆನೋವು, ತಲೆಸುತ್ತು, ಸುಸ್ತುಗಳ ಮುಖ್ಯ ಮೂಲ ಇಲ್ಲಿದೆ.

ಎರಡನೆಯ ಕಾರಣ ಇಂಧನದ ಬದಲಾವಣೆ. ವರ್ಷಾನುಗಟ್ಟಲೆ ಸಕ್ಕರೆಯನ್ನೇ ಮುಖ್ಯವಾಗಿ ಉರಿಸುತ್ತಿದ್ದ ಶರೀರ ಈಗ ಕೊಬ್ಬನ್ನೂ, ಅದರಿಂದ ಯಕೃತ್ತು ತಯಾರಿಸುವ ಕೀಟೋನ್‌ಗಳನ್ನೂ ಹೆಚ್ಚಾಗಿ ಬಳಸಲು ಕಲಿಯಬೇಕು. ಅದಕ್ಕೆ ಕಾಲ ಬೇಕು. ಅಮೆರಿಕದ ಸಂಶೋಧಕ ಸ್ಟೀಫನ್ ಫಿನ್ನಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರು ಪಳಗಿದ ಸೈಕಲ್ ಸವಾರರಿಗೆ ನಾಲ್ಕು ವಾರ ಶರ್ಕರಪಿಷ್ಟ ಬಹುತೇಕ ಇಲ್ಲದ ಆಹಾರ ನೀಡಲಾಗಿತ್ತು. ಆ ಅವಧಿಯ ಕೊನೆಯಲ್ಲಿ ಅವರು ದಣಿಯುವ ಮುನ್ನ ಸೈಕಲ್ ತುಳಿದ ಅವಧಿ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಐವರ ಅಧ್ಯಯನವನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಮೂರನೆಯ ದಿನದ ಸೋಲು ಮೂವತ್ತನೆಯ ದಿನಕ್ಕೂ ಉಳಿಯಬೇಕಾಗಿಲ್ಲ ಎಂಬ ಭರವಸೆಯನ್ನು ಅದು ನೀಡುತ್ತದೆ.

ಮೂರನೆಯ ಕಾರಣ ನಮ್ಮ ಲೆಕ್ಕದ ತಪ್ಪು. ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿದೆ. ದಿನಕ್ಕೆ 200 ಗ್ರಾಂ ಶರ್ಕರಪಿಷ್ಟವನ್ನು ಕಡಿತಗೊಳಿಸಿದರೆ 800 ಕ್ಯಾಲೊರಿ ಕಡಿಮೆಯಾಯಿತು. ಅದರ ಸ್ಥಾನದಲ್ಲಿ ಏನನ್ನೂ ತಿನ್ನದಿದ್ದರೆ ಅದು ಪಥ್ಯವಲ್ಲ, ಅರೆಹೊಟ್ಟೆ. ಅನ್ನವನ್ನೂ ಬಿಟ್ಟು, ಎಣ್ಣೆಯೆಂಬ ಭಯದಿಂದ ಕೊಬ್ಬನ್ನೂ ಬಿಟ್ಟು, ಸೌತೆಕಾಯಿ ತಿಂದು ಮಲಗುವವರು ದಣಿಯದೆ ಇನ್ನೇನಾದಾರು?

ಹಾಗಾದರೆ ಮಾಡಬೇಕಾದದ್ದೇನು?

ಮೊದಲನೆಯದಾಗಿ, ನಿಧಾನವಾಗಿ ಇಳಿಯಿರಿ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟವಿರುವ ಊಟವನ್ನು ಸಾಮಾನ್ಯವಾಗಿ ಕಡಿಮೆ ಶರ್ಕರಪಿಷ್ಟದ ಊಟ ಎನ್ನುತ್ತಾರೆ. 50 ಗ್ರಾಂಗಿಂತಲೂ ಕೆಳಗಿಳಿಯುವುದು ಕೀಟೋ ಪದ್ಧತಿ. ಎಲ್ಲರೂ ಅಲ್ಲಿಗೆ ಹೋಗಬೇಕಾಗಿಲ್ಲ. ಒಟ್ಟು ಕ್ಯಾಲೊರಿಯಲ್ಲಿ ಶರ್ಕರಪಿಷ್ಟದಿಂದ ಬರುವ ಕೇವಲ ಶೇ. 5ರಷ್ಟರ ಸ್ಥಾನವನ್ನು ಬೇಳೆಕಾಳು ಅಥವಾ ಹಾಲಿನ ಪ್ರೋಟೀನ್ ತುಂಬಿದರೂ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆಯಿರುವುದು ಆಗಲೇ ಹೇಳಿದ 2025ರ ಅಧ್ಯಯನದಲ್ಲಿ ಕಂಡುಬಂದಿದೆ. ಆದ್ದರಿಂದ ಮೊದಲ ವಾರ ಚಹಾದ ಸಕ್ಕರೆ ಮತ್ತು ಬಿಸ್ಕತ್ತನ್ನು ಬಿಡೋಣ. ಎರಡನೆಯ ವಾರ ರಾತ್ರಿಯ ಅನ್ನವನ್ನು ಅರ್ಧ ಮಾಡೋಣ. ಅದು ಒಗ್ಗಿದ ಮೇಲೆ ಮಧ್ಯಾಹ್ನದ ಅನ್ನಕ್ಕೆ ಕೈಹಾಕೋಣ. ನಿಧಾನವಾಗಿ ಇಳಿಯುವವರಿಗೆ ನಿತ್ರಾಣವೂ ಕಡಿಮೆ.

ಎರಡನೆಯದಾಗಿ, ತೆಗೆದ ಜಾಗವನ್ನು ತುಂಬಿಸಿ. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಬಂಗುಡೆ ಅಥವಾ ಬೂತಾಯಿ ಮೀನು, ಜೊತೆಗೆ ಬಸಳೆ, ಹರಿವೆ, ಅಲಸಂಡೆ, ತೊಂಡೆಕಾಯಿಯ ಪಲ್ಯ ತಟ್ಟೆಯ ಅರ್ಧಭಾಗ. ಹಸಿವಾದರೆ ಒಂದು ಹಿಡಿ ನೆಲಗಡಲೆ. ಮಾಂಸ ತಿನ್ನುವವರೆಂಬ ಹೆಸರು ನಮಗಿದ್ದರೂ ನಿಜವಾಗಿ ನಮ್ಮ ಹೊಟ್ಟೆ ತುಂಬಿಸುವುದು ಅನ್ನವೇ. ಬಿರಿಯಾನಿಯ ತಟ್ಟೆಯಲ್ಲಿ ಮಾಂಸದ ತುಂಡೆಷ್ಟು, ಅನ್ನದ ರಾಶಿಯೆಷ್ಟು ಎಂದು ಒಮ್ಮೆ ನೋಡಿದರೆ ಸಾಕು.

ಮೂರನೆಯದಾಗಿ, ನೀರು ಮತ್ತು ಉಪ್ಪು. ಮೊದಲ ವಾರ ಉಪ್ಪು ಹಾಕಿದ ಮಜ್ಜಿಗೆ ಅಥವಾ ಎಲುಬಿನ ಸಾರನ್ನು ದಿನಕ್ಕೆ ಒಂದೆರಡು ಲೋಟ ಕುಡಿದರೆ ತಲೆಭಾರ ಇಳಿಯುವುದನ್ನು ಅನೇಕರು ಅನುಭವಿಸುತ್ತಾರೆ. ಆದರೆ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಕೂಡದು. ಇನ್ನು, ಮೊದಲ ವಾರ ಭಾರ ಎತ್ತುವ ವ್ಯಾಯಾಮ ಬೇಡ, ಸಂಜೆಯ ನಡಿಗೆ ಸಾಕು. ನಿದ್ದೆಯನ್ನು ಕಡಿತಗೊಳಿಸಬೇಡಿ. ರಮಝಾನ್ ತಿಂಗಳಲ್ಲಿ ಈ ಬದಲಾವಣೆಯನ್ನು ಆರಂಭಿಸುವುದೂ ಸೂಕ್ತವಲ್ಲ. ಶರೀರ ನೀರನ್ನು ಕಳೆದುಕೊಳ್ಳುತ್ತಿರುವ ವಾರದಲ್ಲೇ ಹಗಲಿಡೀ ನೀರು ಕುಡಿಯದಿರುವುದು ಎರಡು ಹೊರೆಯನ್ನು ಒಟ್ಟಿಗೆ ಹೊತ್ತಂತೆ.

ಇನ್ನು ಹೇಳಲಿರುವ ಮಾತನ್ನು ದಯವಿಟ್ಟು ಎಲ್ಲರೂ ಗಮನವಿಟ್ಟು ಕೇಳಬೇಕು. ಮೇಲೆ ಹೇಳಿದ ನಿತ್ರಾಣ ಆರೋಗ್ಯವಂತರದ್ದು. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರ ವಿಷಯ ಬೇರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರು ಔಷಧವನ್ನು ಮೊದಲಿನಷ್ಟೇ ಇಟ್ಟುಕೊಂಡು ಅನ್ನವನ್ನು ಮಾತ್ರ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹಠಾತ್ ಬೆವರು, ಕೈನಡುಕ, ಎದೆಬಡಿತ, ಮಾತು ತಡವರಿಸುವುದು ಇದರ ಲಕ್ಷಣಗಳು. ಪರೀಕ್ಷೆಯಲ್ಲಿ 70ಕ್ಕಿಂತ ಕಡಿಮೆ ಕಂಡರೆ ಪಥ್ಯವನ್ನು ಮರೆತು ಕೂಡಲೇ ಸುಮಾರು 15 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ಆಸ್ಪತ್ರೆಗೆ ಒಯ್ಯಬೇಕು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ಸೇವಿಸುವವರಿಗೆ ಇನ್ನೊಂದು ಎಚ್ಚರಿಕೆ ಇದೆ. ಇವುಗಳೊಂದಿಗೆ ಅನ್ನವನ್ನು ತೀರಾ ಇಳಿಸಿದರೆ ಸಕ್ಕರೆ ಹೆಚ್ಚು ಏರದಿದ್ದರೂ ರಕ್ತ ಆಮ್ಲೀಯವಾಗುವ ಗಂಭೀರ ಸ್ಥಿತಿ ಉಂಟಾಗಬಹುದು. ವಾಂತಿ, ಹೊಟ್ಟೆನೋವು, ವೇಗದ ಉಸಿರಾಟ ಕಂಡರೆ ಅದನ್ನು ಪಥ್ಯದ ಸುಸ್ತೆಂದು ತಿಳಿದು ಮಲಗಬಾರದು. ರಕ್ತದೊತ್ತಡದ ಮಾತ್ರೆಯವರಿಗೂ ಒತ್ತಡ ಅತಿಯಾಗಿ ಇಳಿದು ತಲೆಸುತ್ತು ಬರಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ರೋಗಿಗಳು ವೈದ್ಯರ ಮಾತಿಲ್ಲದೆ ಇದಕ್ಕೆ ಇಳಿಯಲೇಬಾರದು. ನಾವು ಪತ್ರಕರ್ತರೇ ಹೊರತು ವೈದ್ಯರಲ್ಲ. ಔಷಧದ ಪ್ರಮಾಣವನ್ನು ಬದಲಿಸುವ ಅಧಿಕಾರ ನಮಗೂ ಇಲ್ಲ, ಮೊಬೈಲಿಗೆ ಬರುವ ವೀಡಿಯೊಗೂ ಇಲ್ಲ.

ಎರಡು ಮೂರು ವಾರ ಕಳೆದರೂ ದಣಿವು ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಅನ್ನ ಬಿಡುವುದಕ್ಕೂ ಮೊದಲೇ ದಣಿದಿದ್ದ ಹೆಣ್ಣುಮಗಳ ಸುಸ್ತನ್ನು ಪಥ್ಯದ ತಲೆಗೆ ಕಟ್ಟುವುದು ಸರಿಯಲ್ಲ.

ಮಹಿಳೆಯರ ಪ್ರಸ್ತಾಪ ಬಂದುದರಿಂದ ಪುರುಷರಿಗೆ ಒಂದು ಮಾತು. ಗಂಡನಿಗೆ ಸಕ್ಕರೆ ಕಾಯಿಲೆ ಬಂದರೆ ಮನೆಯ ಅಡುಗೆಯೇ ಬದಲಾಗುತ್ತದೆ. ಹೆಂಡತಿಗೆ ಬಂದರೆ ಆಕೆ ಎಲ್ಲರಿಗೂ ಪತ್ತಿರ್ ಸುಟ್ಟುಕೊಟ್ಟು, ಕೊನೆಗೆ ತನಗೆಂದು ಏನೂ ಇಲ್ಲದೆ ಉಳಿದ ಗಂಜಿಯನ್ನೇ ಉಣ್ಣುತ್ತಾಳೆ. ತಲೆಸುತ್ತು ಬಂದರೂ ಮೂರು ಹೊತ್ತಿನ ಅಡುಗೆ ತಪ್ಪುವುದಿಲ್ಲ. ಆ ಒಂದು ವಾರವಾದರೂ ಮೀನು ಶುಚಿಮಾಡುವ, ತರಕಾರಿ ಹೆಚ್ಚುವ ಕೆಲಸವನ್ನು ಗಂಡ ಮತ್ತು ಮಕ್ಕಳು ಹಂಚಿಕೊಂಡರೆ ಏನು ನಷ್ಟ? ಬೆಳಿಗ್ಗೆ ಎರಡು ಮೊಟ್ಟೆ ಆಕೆಯ ಪಾಲಿಗೂ ಉಳಿದಿದೆಯೇ ಎಂದು ನೋಡುವುದು ದೊಡ್ಡ ತ್ಯಾಗವೇನಲ್ಲ.

ಖರ್ಚಿನ ಮಾತನ್ನೂ ಮರೆಯುವಂತಿಲ್ಲ. ಬಡವರ ಮನೆಗೆ ಅಗ್ಗವಾಗಿ ದೊರೆಯುವುದು ಅಕ್ಕಿ. 2013ರಲ್ಲಿ ರಾಜ್ಯದಲ್ಲಿ ಆರಂಭವಾದ ಅನ್ನಭಾಗ್ಯ ಎಷ್ಟೋ ಮನೆಗಳ ಹಸಿವನ್ನು ನೀಗಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಹೊಟ್ಟೆ ತುಂಬುವುದು ಬೇರೆ, ಪೋಷಣೆ ಬೇರೆ. ಬಾದಾಮಿ, ಬೆಣ್ಣೆ, ಚೀಸ್‌ಗಳ ಪಟ್ಟಿ ಕಂಡು ಬಡವರು ಹಿಂಜರಿಯಬೇಕಾಗಿಲ್ಲ. ಮೊಟ್ಟೆ, ನೆಲಗಡಲೆ, ಬೂತಾಯಿ, ಹಿತ್ತಲ ನುಗ್ಗೆಸೊಪ್ಪು ಇದ್ದರೂ ತಟ್ಟೆಯ ಲೆಕ್ಕ ಬದಲಾಗುತ್ತದೆ. ಆದರೆ ಪಡಿತರದಲ್ಲಿ ಬೇಳೆಕಾಳಿಗೂ ಅಕ್ಕಿಯಷ್ಟೇ ಗೌರವದ ಸ್ಥಾನ ಸಿಗಬೇಕೆಂದು ನಾವು ಆಗ್ರಹಿಸಲೇಬೇಕು.

ಸಹೋದರರೇ, ಸಹೋದರಿಯರೇ, ಮೊದಲ ವಾರದ ನಿತ್ರಾಣಕ್ಕೆ ಹೆದರಿ ಹಿಂದೆ ಸರಿಯುವುದೂ ಬೇಡ, ಅದನ್ನು ಹಠದಿಂದ ಮೆಟ್ಟಿ ನಿಲ್ಲುವ ಸಾಹಸವೂ ಬೇಡ. ಅದಕ್ಕೆ ಕಾರಣವಿದೆ, ಪರಿಹಾರವಿದೆ, ಒಂದು ಮಿತಿಯೂ ಇದೆ. ಇಂದು ಮನೆಗೆ ಮರಳಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಅನ್ನದ ಪಾತ್ರೆಯನ್ನು ಸರಿಸುವುದಲ್ಲ. ಮನೆಯಲ್ಲಿ ಯಾರ್ಯಾರು ಯಾವ ಮಾತ್ರೆ ಸೇವಿಸುತ್ತಿದ್ದಾರೆಂದು ಒಂದು ಕಾಗದದಲ್ಲಿ ಬರೆಯಿರಿ. ಅದನ್ನು ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿರಿ. ತಟ್ಟೆಯನ್ನು ಬದಲಿಸುವುದು ಅದರ ನಂತರದ ಮಾತು.