ನಮ್ಮ ಮನೆತನಗಳ ಚರಿತ್ರೆ ಮತ್ತು ಅದರ ಆಧಾರಗಳು
(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ನಾನು ವಿದ್ವಾಂಸನಲ್ಲ, ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಆದರೂ ಸ್ವಾಗತ ಸಮಿತಿಯವರ ಅಪ್ಪಣೆಯನ್ನು ಮೀರಲಾರದೆ ನಮ್ಮ ಮನೆತನಗಳ ಚರಿತ್ರೆಯನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ವ್ಯಾಪಾರಿಗಳಾದ ನಮಗೆಲ್ಲ ತಿಳಿದ ನಿಯಮವೊಂದುಂಟು: ಚೀಟಿಯಿಲ್ಲದ ಬಾಬನ್ನು ಖಾತೆಗೆ ಏರಿಸಬಾರದು. ವಂಶಾವಳಿಗೂ ಇದೇ ನಿಯಮವೆಂಬುದೇ ನನ್ನ ಮಾತಿನ ಸಾರ.

ಪ್ರಾಚೀನ ದಂಡನಾಯಕರ ಹೆಸರೂ ನಮ್ಮ ಅಜ್ಜನ ಹೆಸರೂ ಒಂದೇ ಆದ ಮಾತ್ರಕ್ಕೆ ನಾವು ಅವರ ವಂಶಜರಾಗುವುದಿಲ್ಲ. ತನ್ನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಆಧಾರವನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಆಧಾರ ಮುಗಿದಲ್ಲಿ ಲೇಖನಿಯನ್ನು ಕೆಳಗಿಡಬೇಕು. ಸತ್ಯಾಣುವ್ರತವು ಅಂಗಡಿಗೆ ಮಾತ್ರ ಸೀಮಿತವಲ್ಲ.

ಆಧಾರಗಳಿಗೆ ನಮ್ಮಲ್ಲಿ ಬಡತನವಿಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ೧೮೮೯ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದಾಗ ಅವು ೧೪೪, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ೫೦೦. ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ ೫೭೩. ಹುಡುಕುವವರಿಗೆ ದೊರೆಯುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇವುಗಳಲ್ಲಿ ಅರಸರು ಮಾತ್ರವೇ ಇಲ್ಲ. ಚಂದ್ರಗಿರಿಯ ತೇರಿನ ಬಸದಿಯ ೧೧೧೭ರ ಶಾಸನದಲ್ಲಿ ಪೊಯ್ಸಳಸೆಟ್ಟಿ, ನೇಮಿಸೆಟ್ಟಿ ಎಂಬ ರಾಜವ್ಯಾಪಾರಿಗಳೂ ಆ ಬಸದಿಯನ್ನು ಮಾಡಿಸಿದ ಅವರ ತಾಯಂದಿರಾದ ಮಾಚಿಕಬ್ಬೆ, ಶಾಂತಿಕಬ್ಬೆಯರೂ ಇದ್ದಾರೆ.

೧೩೬೮ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಒಡಂಬಡಿಕೆ ಮಾಡಿಸಿದ ಶಾಸನವನ್ನು ಎಲ್ಲರೂ ಕೇಳಿದ್ದೀರಿ. ಅದರ ಕೊನೆಯಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರಿದೆ. ಅರಸನಿಗೆ ಬಿನ್ನಹ ಮಾಡಿಕೊಂಡ ಆತನಿಗೆ ಎರಡು ಸಮಯದವರೂ ಕೂಡಿ ಸಂಘನಾಯಕ ಪದವಿಯನ್ನಿತ್ತರು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರಿಗೆ ೨೦ ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಅಲ್ಲಿ ವಿಧಿಸಿದೆ. ಊರು, ತಂದೆ, ಮಗ, ಕಾರ್ಯ, ಕಾಲ ಇವೆಲ್ಲವೂ ಕೂಡಿರುವ ಇಂತಹ ದಾಖಲೆಯೇ ನಿಜವಾದ ಚೀಟಿ.

ಕಾಲದ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಶಾಸನದಲ್ಲಿ ಶಕವರ್ಷ ೧೨೯೦, ಕೀಲಕ ಸಂವತ್ಸರ ಎಂದಿದೆ. ಶಕವರ್ಷಕ್ಕೆ ೭೮ ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಬರುತ್ತದೆ. ಆದರೆ ಕೀಲಕವೆಂದಷ್ಟೇ ಇದ್ದರೆ ೬೦ ವರ್ಷಗಳಿಗೊಮ್ಮೆ ಅದು ಮರಳಿ ಬರುವುದರಿಂದ, ಅಜ್ಜನ ಕಾರ್ಯವನ್ನು ಮುತ್ತಜ್ಜನ ಅಜ್ಜನ ಲೆಕ್ಕಕ್ಕೆ ಬರೆದುಬಿಡುವ ಅಪಾಯವುಂಟು.

ಎರಡನೆಯ ಆಧಾರ ಶಾಸ್ತ್ರದಾನದ್ದು. ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಮನೆತನವನ್ನು ನಾವು ಅರಿತಿರುವುದು ೯೯೩ರ ರನ್ನನ ಅಜಿತಪುರಾಣದಿಂದ ಮತ್ತು ೧೦೦೭ರ ಲಕ್ಕುಂಡಿಯ ಶಾಸನದಿಂದ. ಸಾಮಾನ್ಯ ಶ್ರಾವಕ ಶ್ರಾವಿಕೆಯರು ಬರೆಯಿಸಿ ಕೊಟ್ಟ ಓಲೆಗ್ರಂಥಗಳ ಕೊನೆಯಲ್ಲಿಯೂ ಎಷ್ಟೋ ವೇಳೆ ಬರೆದವನ, ಬರೆಯಿಸಿದವರ, ಊರಿನ ಹೆಸರುಗಳಿರುತ್ತವೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ ೧೯೪೮ರಲ್ಲಿ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಈ ಹುಡುಕಾಟಕ್ಕೆ ಒಳ್ಳೆಯ ಬಾಗಿಲು.

ಮೂರನೆಯವು ಮನೆಯ ಮತ್ತು ಸರ್ಕಾರದ ಕಾಗದಗಳು: ಖಾತೆವಹಿ, ಕಡತ, ಪಹಣಿ, ವಿಭಾಗಪತ್ರ, ಮರಣಶಾಸನ. ನೋಂದಾಯಿತ ಪತ್ರಗಳ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಶುಲ್ಕ ಕೊಟ್ಟರೆ ದೊರೆಯುತ್ತದೆ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಭೂನ್ಯಾಯ ಮಂಡಳಿಗಳ ಮುಂದೆ ನಡೆದ ಪ್ರಕರಣಗಳ ಕಾಗದಗಳಲ್ಲಿ ನಮ್ಮ ಹಿರಿಯರ ಹೆಸರಿನ ಪಕ್ಕದಲ್ಲಿ ಆ ಭೂಮಿಯನ್ನು ಉತ್ತವರ ಹೆಸರೂ ಇದೆ. ಅವರನ್ನು ಬಿಟ್ಟು ಬರೆದ ಚರಿತ್ರೆಯು ಜಮೆಯನ್ನು ಬರೆದು ಖರ್ಚನ್ನು ಮರೆಮಾಚಿದ ಲೆಕ್ಕದಂತೆ.

ತುಳುನಾಡಿನ ಅಳಿಯಸಂತಾನದ ಬಂಧುಗಳು ತಂದೆಯ ಮನೆಯಲ್ಲಿ ಮಾತ್ರ ಹುಡುಕಿದರೆ ದಾರಿ ತಪ್ಪುವರು. ಅಲ್ಲಿ ಕುಟುಂಬವು ತಾಯಿಯಿಂದ ಮಗಳಿಗೆ ಇಳಿದು ಬಂದಿದೆ. ಉಳಿದ ನಾವೂ ಸೊಸೆಯಂದಿರ ತವರಿನ ಹೆಸರನ್ನು ಬರೆದಿಡುವುದಿಲ್ಲ. ತೇರಿನ ಬಸದಿಯ ಕಲ್ಲು ಇಬ್ಬರು ತಾಯಂದಿರ ಹೆಸರನ್ನು ಒಂಬೈನೂರು ವರ್ಷ ಹೊತ್ತಿರುವಾಗ, ನಮ್ಮ ವಂಶವೃಕ್ಷಗಳಲ್ಲಿ ತಾಯಂದಿರಿಗೆ ಸ್ಥಳವಿಲ್ಲದಿರುವುದು ತರವೇ?

ಬಂಧುಗಳೇ, ಈ ಆಧಾರಗಳು ಶತ್ರುಗಳಿಂದಲ್ಲ, ನಮ್ಮ ಕೈಯಿಂದಲೇ ನಾಶವಾಗುತ್ತಿವೆ. ಹಳೆಯ ಮನೆ ಕೆಡವುವಾಗ ಅಟ್ಟದ ವಹಿಗಳು ರದ್ದಿಯ ತಕ್ಕಡಿಗೆ ಹೋಗುತ್ತವೆ. ಇದ್ದಿಲು ಬಳಿದ ಬಟ್ಟೆಯ ಕಡತವನ್ನು ಧೂಳಾಗಿದೆಯೆಂದು ಒದ್ದೆ ಬಟ್ಟೆಯಿಂದ ಒರೆಸಿದರೆ ಬಳಪದ ಅಕ್ಷರಗಳು ಒಂದೇ ಕ್ಷಣದಲ್ಲಿ ಅಳಿಯುತ್ತವೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ನಿಷಿಧಿಗಲ್ಲು ಮೆಟ್ಟಿಲಾಗುತ್ತದೆ, ಬರಹದ ಕಂಬಕ್ಕೆ ಎಣ್ಣೆಬಣ್ಣ ಏರುತ್ತದೆ. ಬುಕ್ಕರಾಯನ ಶಾಸನವು ಸುಣ್ಣ ಬಳಿಸಲು ಹೇಳಿದ್ದು ಜಿನಾಲಯವು ಉಳಿಯಲೆಂದು. ಅದರ ಅಕ್ಷರಗಳು ಮುಚ್ಚಿಹೋಗಲೆಂದಲ್ಲ.

ಆದುದರಿಂದ ಮೂರು ಬಿನ್ನಹಗಳು. ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಪ್ರತಿಯೊಂದು ಬರಹದ ಕಲ್ಲಿನ ಛಾಯಾಚಿತ್ರವನ್ನು ತೆಗೆಸಿ, ಬಲ್ಲವರಿಂದ ಓದಿಸಿರಿ. ಪ್ರತಿ ಮನೆಯ ಹಿರಿಯರು ಇರುವಾಗಲೇ ಅವರಿಂದ ಕೇಳಿ, ಕೇಳಿದ ದಿನಾಂಕದೊಡನೆ ಒಂದು ವಹಿಯಲ್ಲಿ ಬರೆಯಿರಿ. ಕೇಳಿದ್ದು ಬೇರೆ, ಕಾಗದದಲ್ಲಿ ಕಂಡದ್ದು ಬೇರೆ ಎಂದು ಗುರುತಿಸಿರಿ. ಮತ್ತು ಈ ಪ್ರತಿಷ್ಠೆಯ ದಾನಿಗಳ ಫಲಕದಲ್ಲಿ ಮೊತ್ತಕ್ಕಿಂತ ಮುಂಚೆ ತಂದೆತಾಯಿಗಳ ಹೆಸರು, ಊರು, ವೀರನಿರ್ವಾಣ ಸಂವತ್ಸರ, ಕ್ರಿಸ್ತಶಕ ಇವನ್ನು ತಪ್ಪದೆ ಕೆತ್ತಿಸಿರಿ.

ಆತ್ಮಕ್ಕೆ ಕುಲವಿಲ್ಲ, ಗೋತ್ರವಿಲ್ಲವೆಂಬುದನ್ನು ಬಲ್ಲೆ. ಕುಲಮದವನ್ನು ನಮ್ಮ ಆಚಾರ್ಯರು ಎಂಟು ಮದಗಳಲ್ಲಿ ಎಣಿಸಿದ್ದಾರೆ. ಹಿರಿಯರ ಹೆಸರನ್ನು ಹುಡುಕುವುದು ಹೆಮ್ಮೆಗಾಗಿ ಅಲ್ಲ. ಅವರು ಕೊಟ್ಟದ್ದನ್ನು ನಾವು ಅನುಭವಿಸುತ್ತಿದ್ದೇವೆ. ಪಡೆದದ್ದಕ್ಕೆ ರಸೀದಿ ಬರೆಯುವುದು ಯೋಗ್ಯ ವ್ಯಾಪಾರಿಯ ಕರ್ತವ್ಯ.